ಗೆರೆಯ ಒಳಗೆ ಬಂದವನು

ಕೂತ್ಕೊಳ್ಳಿ ಪ್ರಿಯರೇ. ಹಿಂದೆ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಕುರ್ಚಿಗಳು ಖಾಲಿ ಇವೆ. ಅಪೊಸ್ತಲರ ಕೃತ್ಯಗಳು 17ನೇ ಅಧ್ಯಾಯ ತೆರೆದು ಮಡಿಲಲ್ಲಿ ಇಟ್ಟುಕೊಳ್ಳಿ. ಅಲ್ಲಿಗೆ ಹೋಗೋಕೆ ಮುಂಚೆ ಒಂದು ಬೋರ್ಡಿನ ವಿಷಯ ಹೇಳಬೇಕು.

ಹಿರಿಯರ ಕೂಟದಲ್ಲಿ ತೀರ್ಮಾನ ಆಗಿ, ನಮ್ಮ ಗೇಟಿಗೆ ಹಾಕೋಕೆ ಒಂದು ಬೋರ್ಡ್ ಬರೆಸಿದ್ದೀವಿ. ಮೂರು ಸಾಲು. ಚಪ್ಪಲಿ ಹೊರಗೆ ಬಿಡಿ. ಮೊಬೈಲ್ ಬಂದ್ ಮಾಡಿ. ಮೂರನೆಯದು, ಇದು ದೇವರ ಪರಿಶುದ್ಧ ಸ್ಥಳ, ಕುಡಿದು ಬಂದವರಿಗೆ ಪ್ರವೇಶವಿಲ್ಲ. ಪೇಂಟರ್ ಬರೆದುಕೊಟ್ಟು ಮೂರು ವಾರ ಆಯ್ತು. "ಪಾಸ್ಟರ್, ಬೋರ್ಡ್ ಎಲ್ಲಿ?" ಅಂತ ನೀವು ಕೇಳ್ತಾನೇ ಇದ್ದೀರಿ. ನಾನು "ಹಾಕೋಣ, ಹಾಕೋಣ" ಅಂತ ತಪ್ಪಿಸಿಕೊಳ್ತಾನೇ ಇದ್ದೀನಿ. ಆ ಮೂರನೇ ಸಾಲು ನನಗೆ ನುಂಗೋಕೆ ಆಗ್ತಿಲ್ಲ. ಯಾಕೆ ಅಂತ ಹೇಳಬೇಕಾದ್ರೆ ನಿಮ್ಮನ್ನ ಹಳೇ ಗ್ರೀಸ್ ದೇಶಕ್ಕೆ ಕರ್ಕೊಂಡು ಹೋಗಬೇಕು. ಗಾಬರಿ ಆಗಬೇಡಿ, ಊಟದ ಹೊತ್ತಿಗೆ ವಾಪಸ್ ಬಂದುಬಿಡ್ತೀವಿ.

ಬೈಬಲ್ ಕಾಲೇಜಿನಲ್ಲಿ ಡಿಪ್ಲೊಮಾ ಮಾಡುವಾಗ ಗ್ರೀಕ್ ಭಾಷೆಯಲ್ಲಿ ನಾನು ಹೇಗೋ ಪಾಸಾದವನು. ವ್ಯಾಕರಣ ಮರೆತುಹೋಗಿದೆ. ಆದರೆ ಒಂದು ದಿನ ನಮ್ಮ ಮೇಷ್ಟ್ರು ಬೋರ್ಡ್ ಮೇಲೆ ಸುಮ್ಮನೆ ಒಂದು ಗೆರೆ ಸುತ್ತಿ, ಅದರೊಳಗೆ 'ಟೆಮೆನೊಸ್' ಅಂತ ಬರೆದಿದ್ದು ಮರೆತಿಲ್ಲ. ಗ್ರೀಕಿನಲ್ಲಿ 'ಟೆಮ್ನೊ' ಅಂದ್ರೆ ಕತ್ತರಿಸು. ಊರಿನ ನೆಲದಲ್ಲಿ ಒಂದು ತುಂಡನ್ನ ಕತ್ತರಿಸಿ, ಇದು ದೇವರದು ಅಂತ ಬೇರೆ ಇಟ್ಟರೆ ಅದು ಟೆಮೆನೊಸ್. ಅದರ ಅಂಚಿಗೆ ಗಡಿಕಲ್ಲು ನೆಡ್ತಿದ್ರು. ಆ ಕಲ್ಲಿಗೆ ಹೋರೊಸ್ ಅಂತ ಹೆಸರು. ಅಂಥ ಕಲ್ಲುಗಳು ಈಗಲೂ ಅಲ್ಲಿ ನೆಲದಿಂದ ಸಿಗ್ತವೆ.

ಗ್ರೀಕರ ಗುಡಿ ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ಅಥೆನ್ಸಿನ ಪಾರ್ಥೆನಾನ್, ದೊಡ್ಡ ದೊಡ್ಡ ಅಮೃತಶಿಲೆ ಕಂಬಗಳು. ಕ್ರಿ.ಪೂ. 447ರಲ್ಲಿ ಶುರು ಮಾಡಿ 438ರ ಹೊತ್ತಿಗೆ ಒಳಗೆ ಅಥೀನಾ ದೇವಿಯ ಚಿನ್ನ ಮತ್ತು ದಂತದ ವಿಗ್ರಹ ನಿಲ್ಲಿಸಿದ್ರು. ಸರಿ, ದೊಡ್ಡ ಕೆಲಸವೇ. ಆದರೆ ಅವರ ಆರಾಧನೆಗೆ ಕಟ್ಟಡ ಕಡ್ಡಾಯ ಆಗಿರಲಿಲ್ಲ. ಗುಡಿ ದೇವರ ಮನೆ, ವಿಗ್ರಹಕ್ಕೆ ಇರೋ ಸೂರು, ಅಷ್ಟೇ. ಅದಕ್ಕೆ 'ನಾವೊಸ್' ಅಂತಾರೆ, ವಾಸ ಮಾಡೋ ಜಾಗ ಅನ್ನೋ ಅರ್ಥದ ಪದ. ಜನ ಒಳಗೆ ಸೇರಿ ಹಾಡಿ ಪ್ರಾರ್ಥನೆ ಮಾಡೋ ಹಾಲ್ ಅದಲ್ಲ. ಬಲಿಪೀಠ ಹೊರಗೆ, ಬಯಲಲ್ಲಿ, ಸಾಮಾನ್ಯವಾಗಿ ಪೂರ್ವದ ಕಡೆಗೆ ಇರ್ತಿತ್ತು. ಜನ ಅದರ ಸುತ್ತ ನಿಲ್ಲೋರು. ಹೊಗೆ ಮೇಲೆ ಹೋಗ್ತಿತ್ತು, ಮಾಂಸ ಜನಕ್ಕೆ ಹಂಚಿಕೆ ಆಗ್ತಿತ್ತು. ಒಲಿಂಪಿಯಾದಲ್ಲಿ ಜ್ಯೂಸ್ ದೇವರ ಬಲಿಪೀಠ ಕಲ್ಲಿನದೂ ಅಲ್ಲ, ಬಲಿ ಸುಟ್ಟ ಬೂದಿಯೇ ಸೇರಿಕೊಂಡು ಬೆಳೆದ ದಿಬ್ಬ. ನೋಡಿ ಬಂದ ಒಬ್ಬ ಯಾತ್ರಿಕ 22 ಅಡಿ ಎತ್ತರ ಅಂತ ಬರೆದಿದ್ದಾನೆ. ಡೊಡೋನಾ ಅನ್ನೋ ಜಾಗದಲ್ಲಿ ಬಹಳ ಕಾಲ ಗುಡಿಯೇ ಇರಲಿಲ್ಲ, ಒಂದು ಓಕ್ ಮರ ಇತ್ತು.

ಹಾಗಾದ್ರೆ ಆ ಜಾಗವನ್ನ ಪವಿತ್ರ ಮಾಡಿದ್ದು ಏನು? ಗೆರೆ. ಗೆರೆಯ ಆ ಕಡೆ ಊರು, ಈ ಕಡೆ ದೇವರು. ದಾಟುವಾಗ ಬಾಗಿಲಲ್ಲಿ ನೀರಿನ ಕಲ್ಲುತೊಟ್ಟಿ ಇರ್ತಿತ್ತು, ನೀರು ಚಿಮುಕಿಸಿಕೊಂಡು ಒಳಗೆ ಹೋಗಬೇಕು. ಹೆರಿಗೆ ಆದ ಮನೆಯವರು, ಸಾವಾದ ಮನೆಯವರು ಇಷ್ಟು ದಿನ ಅಂತ ಕಾಯಬೇಕು. ಅವರು ಇದಕ್ಕೆ 'ಮಿಯಾಸ್ಮಾ' ಅಂದ್ರು. ನಮ್ಮ ಭಾಷೆಯಲ್ಲಿ ಸೂತಕ, ಮೈಲಿಗೆ ಅಂತ ಪದಗಳು ಸಿದ್ಧವಾಗೇ ಇವೆ, ನಾನು ವಿವರಿಸಬೇಕಾಗಿಲ್ಲ. ಈ ಸಭೆಯಲ್ಲಿ ಕೂತಿರೋ ಕೆಲವು ಅಮ್ಮಂದಿರು, ಅಯ್ಯಂದಿರು ಯಾವ ಯಾವ ಗೆರೆಯ ಹೊರಗೆ ನಿಂತು ಬೆಳೆದವರು ಅಂತ ನನಗೂ ಗೊತ್ತು, ನಿಮಗೂ ಗೊತ್ತು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ನಾನು ಇವತ್ತು ಇನ್ನೊಬ್ಬರ ದೇವರನ್ನ ಗೇಲಿ ಮಾಡೋಕೆ ನಿಂತಿಲ್ಲ. ಆ ಗ್ರೀಕರಿಗೆ ಭಯಭಕ್ತಿ ಇತ್ತು. ಪೌಲನೇ ಅಥೇನೆಯವರ ಮುಂದೆ ನಿಂತಾಗ ಮೊದಲು ಒಪ್ಪಿಕೊಂಡಿದ್ದು ಅದನ್ನೇ.

ಆ ಗೆರೆ ಎಷ್ಟು ದೂರ ಹೋಯ್ತು ನೋಡಿ. ಡೆಲೋಸ್ ಅಂತ ಒಂದು ಚಿಕ್ಕ ದ್ವೀಪ, ಅಪೊಲೊ ದೇವರು ಹುಟ್ಟಿದ ಜಾಗ ಅಂತ ಅವರ ನಂಬಿಕೆ. ಕ್ರಿ.ಪೂ. 426ರ ಚಳಿಗಾಲದಲ್ಲಿ ಅಥೆನ್ಸಿನವರು ಆ ದ್ವೀಪವನ್ನ ಶುದ್ಧಿ ಮಾಡ್ತೀವಿ ಅಂತ ಹೊರಟರು. ಅಲ್ಲಿದ್ದ ಸಮಾಧಿಗಳನ್ನೆಲ್ಲಾ ಅಗೆದು ತೆಗೆದರು. ಇನ್ನು ಮುಂದೆ ಈ ದ್ವೀಪದಲ್ಲಿ ಯಾರೂ ಸಾಯಬಾರದು, ಯಾರೂ ಹೆರಬಾರದು ಅಂತ ಆಜ್ಞೆ ಆಯ್ತು. ಹೆರಿಗೆ ಹತ್ತಿರ ಬಂದ ಹೆಂಗಸರನ್ನ, ಸಾಯೋ ಸ್ಥಿತಿಯಲ್ಲಿರೋರನ್ನ ದೋಣಿಯಲ್ಲಿ ಪಕ್ಕದ ರೆನಿಯಾ ದ್ವೀಪಕ್ಕೆ ಸಾಗಿಸಬೇಕು. ರೆನಿಯಾ ಎಷ್ಟು ಹತ್ತಿರ ಅಂದ್ರೆ, ಹಿಂದೆ ಒಬ್ಬ ರಾಜ ಅದನ್ನ ಡೆಲೋಸಿಗೆ ಸರಪಳಿ ಹಾಕಿ ಕಟ್ಟಿ ಅಪೊಲೊಗೆ ಅರ್ಪಿಸಿದ್ದನಂತೆ. ಹತ್ತಿರವೇ ಇರಬಹುದು. ನೋವು ಶುರುವಾದ ಹೆಂಗಸಿಗೆ ದೋಣಿಯಲ್ಲಿ ಯಾವ ದೂರವೂ ಹತ್ತಿರ ಅಲ್ಲ. ನನ್ನ ಹೆಂಡತಿಯನ್ನ ಹೆರಿಗೆಗೆ ಆಟೋದಲ್ಲಿ ಕರ್ಕೊಂಡು ಹೋದ ರಾತ್ರಿ ನನಗೆ ನೆನಪಿದೆ. ಎರಡೇ ಕಿಲೋಮೀಟರ್.

ಇನ್ನೊಂದು ಜಾಗ ಎಪಿಡಾರಸ್. ಅಸ್ಕ್ಲೀಪಿಯಸ್ ಅನ್ನೋ ವೈದ್ಯ ದೇವರ ಸ್ಥಳ. ರೋಗಿಗಳು ದೂರದೂರದಿಂದ ಬಂದು, ರಾತ್ರಿ ಅಲ್ಲೇ ಮಲಗಿ, ಕನಸಿನಲ್ಲಿ ದೇವರು ಬಂದು ವಾಸಿ ಮಾಡ್ತಾನೆ ಅಂತ ಕಾಯೋರು. ಒಳಗೆ ಬರೋರು ಶುದ್ಧವಾಗಿರಬೇಕು, ಶುದ್ಧಿ ಅನ್ನೋದು ಮನಸ್ಸಿನ ಆಲೋಚನೆಯಲ್ಲಿದೆ ಅನ್ನೋ ಅರ್ಥದ ಬರಹ ಆ ಗುಡಿಯಲ್ಲಿ ಇತ್ತು. ಎಷ್ಟು ಒಳ್ಳೇ ಮಾತು! ನಮ್ಮ ಗೋಡೆ ಮೇಲೂ ಬರೆಸಬಹುದು. ಆದರೆ ಅದೇ ಗೆರೆಯ ಒಳಗೆ ಸಾಯೋ ಹಾಗಿಲ್ಲ, ಹೆರೋ ಹಾಗಿಲ್ಲ. ವಾಸಿಯಾಗೋಕೆ ಬಂದವನಿಗೆ ಉಸಿರು ನಿಲ್ತಾ ಇದೆ ಅಂದ್ರೆ ಹೊರಗೆ. ರೋಗಿಗಳು ಬಯಲಲ್ಲಿ ಪ್ರಾಣ ಬಿಡ್ತಿದ್ರು, ಹೆಂಗಸರಿಗೆ ಹೆರೋಕೆ ಸೂರು ಇರಲಿಲ್ಲ, ಇದರಿಂದ ಅಲ್ಲಿನ ಜನ ಬಹಳ ಕಷ್ಟಪಡ್ತಿದ್ರು ಅಂತ ಪೌಸೇನಿಯಸ್ ಅನ್ನೋ ಯಾತ್ರಿಕ ಬರೆದಿದ್ದಾನೆ, ಆಗಲೇ ಹೇಳಿದೆನಲ್ಲ, ಬೂದಿ ದಿಬ್ಬ ನೋಡಿದವನು, ಅವನೇ. ಕೊನೆಗೆ ಅವನ ಕಾಲದಲ್ಲಿ, ಅಂದ್ರೆ ಕ್ರಿ.ಶ. 2ನೇ ಶತಮಾನದಲ್ಲಿ, ಆಂಟೊನೈನಸ್ ಅನ್ನೋ ಒಬ್ಬ ರೋಮನ್ ಸೆನೆಟರ್ ಅದಕ್ಕಾಗೇ ಒಂದು ಮನೆ ಕಟ್ಟಿಸಿಕೊಟ್ಟ. ಅಲ್ಲಿ ಸತ್ತರೂ ದೋಷವಿಲ್ಲ, ಹೆತ್ತರೂ ದೋಷವಿಲ್ಲ. ಎಷ್ಟು ಶತಮಾನ ಬೇಕಾಯ್ತು ನೋಡಿ, ಒಂದು ಸೂರಿಗೆ!

ಇಷ್ಟೇ ಆಗಿದ್ದರೆ, ಗೆರೆ ಅನ್ನೋದು ಬರೀ ಕೆಟ್ಟದ್ದು ಅಂತ ಹೇಳಿ ಮುಗಿಸಬಹುದಿತ್ತು. ಅಷ್ಟು ಸುಲಭ ಇಲ್ಲ.

ಯಾಕಂದ್ರೆ ಅದೇ ಗೆರೆ ಬಡವನ ಪ್ರಾಣ ಉಳಿಸೋ ಗೆರೆಯೂ ಆಗಿತ್ತು. ಅಟ್ಟಿಸಿಕೊಂಡು ಬರ್ತಿದ್ದಾರೆ ಅಂದಾಗ ಒಬ್ಬ ಮನುಷ್ಯ ಓಡಿ ಬಂದು ಆ ಗೆರೆ ದಾಟಿ, ಬಲಿಪೀಠದ ಹತ್ತಿರ ಕೂತು, ಉಣ್ಣೆ ಸುತ್ತಿದ ಕೊಂಬೆ ಹಿಡಿದುಕೊಂಡರೆ ಅವನನ್ನ ಮುಟ್ಟೋ ಹಾಗಿಲ್ಲ. ಅವನಿಗೆ 'ಹಿಕೆಟೀಸ್' ಅಂತಾರೆ. ಮೂಲ ಅರ್ಥ ಏನು ಗೊತ್ತಾ? ಬಂದವನು. ಅಷ್ಟೇ, ಬಂದವನು. ಒಳ್ಳೆಯವನಾ ಕೆಟ್ಟವನಾ ಅಂತ ಆ ಪದದಲ್ಲಿ ಇಲ್ಲ. ಆ ಜಾಗದ ರಕ್ಷಣೆಗೆ 'ಅಸೂಲಿಯಾ' ಅಂದ್ರು, ದೋಚಬಾರದು ಅಂತ ಅರ್ಥ. ಇವತ್ತು ಇಂಗ್ಲಿಷಿನಲ್ಲಿ ನಿರಾಶ್ರಿತರಿಗೆ ಕೊಡೋ ಆಶ್ರಯಕ್ಕೆ 'ಅಸೈಲಮ್' ಅಂತಾರಲ್ಲ, ಅದು ಈ ಪದದಿಂದಲೇ ಬಂದಿದ್ದು. ಅಥೆನ್ಸಿನಲ್ಲಿ ಥೀಸಿಯಸ್‌ನ ಗುಡಿಗೆ ದಣಿಯ ಹೊಡೆತ ತಾಳಲಾರದ ಗುಲಾಮರು ಓಡಿ ಬರ್ತಿದ್ರು, ನನ್ನನ್ನ ಬೇರೆ ದಣಿಗೆ ಮಾರಿಬಿಡಿ ಅಂತ ಕೇಳಿಕೊಳ್ಳೋರು. ಬಿಡುಗಡೆ ಅಲ್ಲ, ಬೇರೆ ದಣಿ. ಆದರೂ ಹೊಡೆತ ತಿನ್ನೋನಿಗೆ ಅದೊಂದು ಬಾಗಿಲು.

ಈಗ ಎರಡು ಘಟನೆ. ಥ್ಯುಸಿಡಿಡೀಸ್ ಅನ್ನೋ ಇತಿಹಾಸಕಾರ ಎರಡನ್ನೂ ಒಟ್ಟಿಗೇ ಹೇಳ್ತಾನೆ.

ಮೊದಲನೆಯದು ಅಥೆನ್ಸಿನಲ್ಲಿ, ಸುಮಾರು ಕ್ರಿ.ಪೂ. 632. ಕೈಲೋನ್ ಅಂತ ಒಬ್ಬ ಒಲಿಂಪಿಕ್ ವಿಜೇತ, ತಾನೇ ಸರ್ವಾಧಿಕಾರಿ ಆಗಬೇಕು ಅಂತ ಗೆಳೆಯರನ್ನ ಕಟ್ಟಿಕೊಂಡು ಅಕ್ರೊಪೊಲಿಸ್ ಗುಡ್ಡವನ್ನ ಹಿಡಿದುಕೊಂಡ. ಊರವರು ಸುತ್ತುವರಿದರು. ಅನ್ನ ನೀರು ಮುಗೀತು. ಕೈಲೋನ್ ತಮ್ಮನ ಜೊತೆ ತಪ್ಪಿಸಿಕೊಂಡು ಓಡಿಹೋದ, ನಾಯಕರು ಯಾವಾಗಲೂ ಹಾಗೇ, ಉಳಿದವರು ಸಿಕ್ಕಿಬಿದ್ದರು. ಅವರು ಹೋಗಿ ಬಲಿಪೀಠದ ಹತ್ತಿರ ಕೂತರು. ಹಸಿವಿನಿಂದ ಸಾಯೋಕೆ ಶುರುವಾದರು. ಕಾವಲಿನವರಿಗೆ ಚಿಂತೆ ಆಯ್ತು. ಏನು ಚಿಂತೆ? ಇವರು ಸಾಯ್ತಾರಲ್ಲ ಅಂತಲ್ಲ. ಇಲ್ಲಿ ಸತ್ತರೆ ಜಾಗ ಮೈಲಿಗೆ ಆಗುತ್ತಲ್ಲ ಅಂತ. ಅದಕ್ಕೆ "ಏಳಿ, ನಿಮಗೆ ಏನೂ ಮಾಡಲ್ಲ" ಅಂತ ಮಾತು ಕೊಟ್ಟು ಎಬ್ಬಿಸಿದರು. ಹೊರಗೆ ಕರ್ಕೊಂಡು ಬಂದು ಕೊಂದರು.

ಪ್ಲುಟಾರ್ಕ್ ಇನ್ನೂ ಒಂದು ವಿವರ ಕೊಡ್ತಾನೆ. ಅವರು ಇಳಿಯುವಾಗ ದೇವಿಯ ವಿಗ್ರಹಕ್ಕೆ ಒಂದು ದಾರ ಕಟ್ಟಿ, ಅದನ್ನ ಕೈಯಲ್ಲಿ ಹಿಡಿದುಕೊಂಡೇ ಇಳಿದರಂತೆ, ಗೆರೆ ದಾಟಿದರೂ ದೇವಿಯ ರಕ್ಷಣೆ ತಮ್ಮ ಜೊತೆ ಬರಲಿ ಅಂತ. ಅರ್ಧ ದಾರಿಯಲ್ಲಿ, ಪೂಜ್ಯ ದೇವತೆಗಳು ಅಂತ ಅವರು ಕರೀತಿದ್ದ ದೇವತೆಗಳ ಬಲಿಪೀಠದ ಹತ್ತಿರ ದಾರ ಕಿತ್ತುಹೋಯ್ತು. "ನೋಡಿ, ದೇವಿಯೇ ಇವರನ್ನ ಕೈಬಿಟ್ಟಳು" ಅಂತ ಅಧಿಕಾರಿಗಳು ಮೇಲೆ ಬಿದ್ದರು. ಕೆಲವರು ಓಡಿ ಆ ಬಲಿಪೀಠವನ್ನೇ ತಬ್ಬಿಕೊಂಡರು. ಅಲ್ಲೇ ಕಡಿದರು.

ಎರಡನೆಯದು ಸ್ಪಾರ್ಟಾದಲ್ಲಿ. ಪೌಸೇನಿಯಸ್ ಅಂತ ಒಬ್ಬ ಸೇನಾಪತಿ. ಯಾತ್ರಿಕ ಅಲ್ಲ, ಇವನು ಬೇರೆ. ಕ್ರಿ.ಪೂ. 479ರಲ್ಲಿ ಪ್ಲಟೀಯಾ ಯುದ್ಧದಲ್ಲಿ ಪರ್ಷಿಯಾದವರನ್ನ ಸೋಲಿಸಿದ ವೀರ. ಆಮೇಲೆ ಅದೇ ಪರ್ಷಿಯಾ ರಾಜನ ಜೊತೆ ಒಳಗೊಳಗೇ ಮಾತುಕತೆ ನಡೆಸಿದ ಅಂತ ಸಿಕ್ಕಿಬಿದ್ದ. ಹಿಡಿಯೋಕೆ ಬಂದಾಗ ಓಡಿ ಅಥೀನಾ ದೇವಿಯ ಆವರಣಕ್ಕೆ ನುಗ್ಗಿ ಅಲ್ಲಿದ್ದ ಒಂದು ಸಣ್ಣ ಕೋಣೆ ಸೇರಿಕೊಂಡ. ಅಧಿಕಾರಿಗಳು ಅವನನ್ನ ಮುಟ್ಟಲಿಲ್ಲ. ಮುಟ್ಟಬಾರದು ಅಂತ ನಿಯಮ ಇದೆಯಲ್ಲ. ಅವರು ಮಾಡಿದ್ದು ಇಷ್ಟು: ಕೋಣೆಯ ಚಾವಣಿ ತೆಗೆದರು, ಬಾಗಿಲಿಗೆ ಗೋಡೆ ಕಟ್ಟಿದರು, ಕಾವಲು ಹಾಕಿ ಕಾಯ್ತಾ ಕೂತರು. ಮೊದಲ ಇಟ್ಟಿಗೆ ಇಟ್ಟವಳು ಅವನ ಹೆತ್ತ ತಾಯಿಯೇ ಅಂತ ಆಮೇಲಿನ ಲೇಖಕರು ಹೇಳ್ತಾರೆ. ದಿನಗಳು ಕಳೆದವು. ಇನ್ನೇನು ಉಸಿರು ಹೋಗುತ್ತೆ ಅನ್ನೋವಾಗ ಗೋಡೆ ಒಡೆದು, ಅವನನ್ನ ಎತ್ತಿಕೊಂಡು ಗೆರೆಯ ಹೊರಗೆ ತಂದು ಮಲಗಿಸಿದರು. ತಂದ ಕೂಡಲೇ ಸತ್ತ.

ಜಾಗ ಮೈಲಿಗೆ ಆಗಲಿಲ್ಲ. ನಿಯಮ ಮುರೀಲಿಲ್ಲ. ಲೆಕ್ಕ ಸರಿಯಾಗಿದೆ. ಮನುಷ್ಯ ಸತ್ತ.

ಆದರೆ ಪ್ರಿಯರೇ, ಇಲ್ಲಿ ನನ್ನನ್ನ ತಡೆದು ನಿಲ್ಲಿಸಿದ ವಿಷಯ ಕೇಳಿ. ಲೆಕ್ಕ ಸರಿಯಾಗಿಲ್ಲ ಅಂತ ಆ ಜನಕ್ಕೇ ಗೊತ್ತಿತ್ತು! ಡೆಲ್ಫಿಯ ದೈವವಾಣಿ ಸ್ಪಾರ್ಟಾದವರಿಗೆ ಹೇಳ್ತು: ಅವನನ್ನ ಅವನು ಸತ್ತ ಜಾಗದಲ್ಲೇ ಹೂಳಿ, ಒಂದು ದೇಹಕ್ಕೆ ಬದಲಾಗಿ ಎರಡು ದೇಹ ದೇವಿಗೆ ವಾಪಸ್ ಕೊಡಿ. ಅವರು ಎರಡು ಕಂಚಿನ ಪ್ರತಿಮೆ ಮಾಡಿಸಿ ಇಟ್ಟರು. ಅಥೆನ್ಸಿನಲ್ಲಿ ಕೈಲೋನನ ಗೆಳೆಯರನ್ನ ಕೊಂದ ಮನೆತನಕ್ಕೆ ಶಾಪಗ್ರಸ್ತರು ಅಂತ ಹೆಸರು ಬಿತ್ತು. ಬದುಕಿದ್ದವರನ್ನ ಗಡೀಪಾರು ಮಾಡಿದರು, ಸತ್ತವರ ಮೂಳೆಗಳನ್ನೂ ಅಗೆದು ಹೊರಗೆ ಹಾಕಿದರು. ಇನ್ನೂರು ವರ್ಷ ಆದ ಮೇಲೆ, ಕ್ರಿ.ಪೂ. 432ರಲ್ಲಿ, ದೊಡ್ಡ ಯುದ್ಧ ಶುರುವಾಗೋ ಮುಂಚೆ ಸ್ಪಾರ್ಟಾದವರು ಅಥೆನ್ಸಿಗೆ ಹೇಳಿ ಕಳಿಸಿದ್ದು ಇದೇ, ಆ ಶಾಪವನ್ನ ಓಡಿಸಿ ಅಂತ. ಅಥೆನ್ಸಿನ ನಾಯಕ ಪೆರಿಕ್ಲೀಸ್‌ಗೆ ತಾಯಿಯ ಕಡೆಯಿಂದ ಆ ಮನೆತನದ ರಕ್ತ ಇತ್ತು. ಅಥೆನ್ಸಿನವರು ತಿರುಗಿ ಹೇಳಿದ್ದು, ಮೊದಲು ನಿಮ್ಮ ಪೌಸೇನಿಯಸ್ ಶಾಪ ಓಡಿಸಿ, ಆಮೇಲೆ ಪೊಸೈಡನ್ ಗುಡಿಗೆ ಶರಣು ಬಂದ ಗುಲಾಮರನ್ನ ಎಬ್ಬಿಸಿ ಕೊಂದ್ರಲ್ಲ, ಅದನ್ನೂ ಓಡಿಸಿ. ಒಬ್ಬರ ಪಾಪ ಇನ್ನೊಬ್ಬರಿಗೆ ಚೆನ್ನಾಗಿ ಬಾಯಿಪಾಠ ಇತ್ತು.

ನಾವು ಗೆರೆಯನ್ನ ಕಾಪಾಡಿ ಮನುಷ್ಯನನ್ನ ಕಳ್ಕೊಂಡ್ರೆ, ಆ ಗೆರೆಯೂ ಉಳಿಯಲ್ಲ ಅಂತ ಅವರ ಮನಸ್ಸಾಕ್ಷಿಯೇ ಹೇಳಿತ್ತು.

ಈಗ ನನ್ನ ಕಥೆ. ಹಿರಿಯರಿಗೆ ಗೊತ್ತು, ಉಳಿದವರಿಗೆ ಗೊತ್ತಿಲ್ಲ. ಹೇಳದೆ ಈ ವಾಕ್ಯ ಮುಂದಕ್ಕೆ ಹೋಗಲ್ಲ.

ಹಾಲಿಗೆ ಹೊಸ ಟೈಲ್ಸ್ ಹಾಕಿದ ವರ್ಷ, ಒಂದು ಶುಕ್ರವಾರ ಇಡೀ ರಾತ್ರಿ ಪ್ರಾರ್ಥನೆ. ಹನ್ನೊಂದು ಗಂಟೆ ಇರಬಹುದು. ಒಬ್ಬ ಮನುಷ್ಯ ಒಳಗೆ ಬಂದ. ಚೆನ್ನಾಗಿ ಕುಡಿದಿದ್ದ. ನೇರವಾಗಿ ಮುಂದೆ ಬಂದು ಈ ಪುಲ್ಪಿಟ್ ಇದೆಯಲ್ಲ, ಇದರ ಕಾಲು ಹಿಡ್ಕೊಂಡು ಕೂತುಬಿಟ್ಟ. ಅಲ್ಲೇ ವಾಂತಿ ಮಾಡಿಕೊಂಡ. ಮೀಟರ್ ಬಡ್ಡಿ ಸಾಲ ಮಾಡಿದ್ದೀನಿ, ಹುಡುಗರು ಹುಡುಕ್ತಿದ್ದಾರೆ, ಬೆಳಗಿನ ತನಕ ಇಲ್ಲಿ ಕೂರ್ತೀನಿ ಅಂದ. ಸಹೋದರಿಯರು ಹೆದರಿದರು, ಮಕ್ಕಳು ಅತ್ತರು. ನಾನು ಮತ್ತು ಇಬ್ಬರು ಸಹೋದರರು ಹೋದೆವು. ನಾವು ಒರಟಾಗಿ ನಡ್ಕೊಳ್ಳಲಿಲ್ಲ. ಭುಜದ ಮೇಲೆ ಕೈ ಹಾಕಿದೆವು. "ಅಣ್ಣಾ, ಏಳಿ, ಹೊರಗೆ ಕೂತು ಮಾತಾಡೋಣ" ಅಂತ ನಾನೇ ಹೇಳಿದೆ. ಎದ್ದು ಬಂದ. ಗೇಟಿನ ಹೊರಗೆ ನೀರು ಕೊಟ್ಟೆವು, ಐವತ್ತು ರೂಪಾಯಿ ಕೈಗಿಟ್ಟೆವು, ಆಟೋ ಹತ್ತಿ ಮನೆಗೆ ಹೋಗಿ ಅಂದೆವು. ಗೇಟ್ ಹಾಕಿದೆವು. ಒಳಗೆ ಬಂದು ಫಿನಾಯಿಲ್ ಹಾಕಿ ನೆಲ ಒರೆಸಿದೆವು. ಆಮೇಲೆ, ದೇವರೇ ನನ್ನನ್ನ ಕ್ಷಮಿಸಲಿ, ನಾನು ಮೈಕ್ ಹಿಡಿದು ಈ ಸ್ಥಳವನ್ನ ಶುದ್ಧಿ ಮಾಡು ಕರ್ತನೇ ಅಂತ ಪ್ರಾರ್ಥನೆ ಮಾಡಿದೆ. ನೀವೆಲ್ಲಾ ಆಮೆನ್ ಅಂದ್ರಿ.

ಮುಂದಿನ ಕ್ರಾಸಿನಲ್ಲಿ ಅವರು ಅವನನ್ನ ಹಿಡಿದರು. ಎಡಗೈ ಎರಡು ಕಡೆ ಮುರಿದಿತ್ತು. ನನಗೆ ಗೊತ್ತಾಗಿದ್ದು ಸೋಮವಾರ. ಆಸ್ಪತ್ರೆಗೆ ಹೋಗಿ ನೋಡಿದೆ, ಕುಡಿದಿರಲಿಲ್ಲ, ಬಹಳ ಮೆತ್ತಗಿನ ಮನುಷ್ಯ. ಬೈತಾನೆ ಅಂದುಕೊಂಡು ಹೋಗಿದ್ದೆ. ಬೈಯಲಿಲ್ಲ. "ನೀವು ಅಣ್ಣಾ ಅಂದ್ರಿ, ಅದಕ್ಕೇ ಎದ್ದು ಬಂದೆ" ಅಂದ.

ಕೈಲೋನನ ಗೆಳೆಯರನ್ನ ಎಬ್ಬಿಸಿದ್ದೂ ಒಂದು ಒಳ್ಳೇ ಮಾತೇ ಅಲ್ವಾ?

ಈಗ ಇನ್ನೊಂದು ಪಕ್ಕ ನೋಡೋಣ, ಯಾಕಂದ್ರೆ ಹಿರಿಯರು ನನಗೆ ಕೇಳಿದ್ದು ನ್ಯಾಯವಾದ ಪ್ರಶ್ನೆ. "ಪಾಸ್ಟರ್, ಬಂದವರನ್ನೆಲ್ಲಾ ಒಳಗೆ ಬಿಟ್ಟರೆ, ರಾತ್ರಿ ಪ್ರಾರ್ಥನೆಗೆ ನಮ್ಮ ಹೆಣ್ಣುಮಕ್ಕಳನ್ನ ಹೇಗೆ ಕಳಿಸೋದು?" ಇದಕ್ಕೂ ಗ್ರೀಕರ ಹತ್ತಿರ ಒಂದು ಕಥೆ ಇದೆ. ಎಫೆಸದ ಅರ್ತೆಮೀ ದೇವಿಯ ಗುಡಿ ನಿಮಗೆ ಗೊತ್ತು, ಕೃತ್ಯಗಳು 19ರಲ್ಲಿ ಬೆಳ್ಳಿ ಕೆಲಸದ ದೇಮೇತ್ರಿಯ ಗಲಾಟೆ ಎಬ್ಬಿಸಿದ್ದು ಆ ಊರಿನಲ್ಲೇ. ಜಗತ್ತಿನ ಏಳು ಅದ್ಭುತಗಳಲ್ಲಿ ಅದೂ ಒಂದು. ಅದರ ಸುತ್ತ ಆಶ್ರಯದ ಗೆರೆ ಇತ್ತು, ಸಾಲಗಾರರೂ ಅಲ್ಲಿಗೆ ಓಡಿ ಬರೋರು. ಸ್ಟ್ರಾಬೋ ಅನ್ನೋ ಭೂಗೋಳ ಬರೆದವನು ಹೇಳ್ತಾನೆ: ಅಲೆಕ್ಸಾಂಡರ್ ಆ ಗೆರೆಯನ್ನ ಒಂದು ಸ್ಟೇಡಿಯಂ ದೂರಕ್ಕೆ, ಅಂದ್ರೆ ಆರುನೂರು ಗ್ರೀಕ್ ಅಡಿಗೆ, ವಿಸ್ತರಿಸಿದ. ಮಿತ್ರಿಡೇಟಿಸ್ ರಾಜ ಗುಡಿಯ ಚಾವಣಿ ಮೂಲೆಯಿಂದ ಬಾಣ ಬಿಟ್ಟು, ಅದು ಬಿದ್ದಲ್ಲಿಗೆ ಗೆರೆ ಅಂದ. ಸ್ವಲ್ಪ ಜಾಸ್ತಿ ಹೋಯ್ತು. ಮಾರ್ಕ್ ಆಂಟನಿ ಬಂದು ಅದನ್ನ ಎರಡರಷ್ಟು ಮಾಡಿ ಊರಿನ ಒಂದು ಭಾಗವನ್ನೇ ಒಳಗೆ ಸೇರಿಸಿಬಿಟ್ಟ. ಏನಾಯ್ತು? ಊರು ಅಪರಾಧಿಗಳ ಕೈಗೆ ಸಿಕ್ತು. ಕೊನೆಗೆ ಔಗುಸ್ತ ಕೈಸರ ಅದನ್ನ ರದ್ದು ಮಾಡಿದ. ಕ್ರಿ.ಶ. 22ರಲ್ಲಿ, ನಮ್ಮ ಕರ್ತನು ಇನ್ನೂ ನಜರೇತಿನಲ್ಲಿದ್ದ ವರ್ಷಗಳಲ್ಲಿ, ತಿಬೇರಿಯ ಕೈಸರನ ಕಾಲದ ರೋಮನ್ ಸೆನೆಟ್ ಗ್ರೀಕ್ ಊರುಗಳನ್ನೆಲ್ಲಾ ಕರೆದು, ನಿಮ್ಮ ಗುಡಿಗಳಿಗೆ ಆಶ್ರಯ ಕೊಡೋ ಹಕ್ಕು ಎಲ್ಲಿಂದ ಬಂತು, ದಾಖಲೆ ತೋರಿಸಿ ಅಂತ ವಿಚಾರಣೆ ಮಾಡ್ತು. ಮೊದಲು ಬಂದು ನಿಂತವರು ಎಫೆಸದವರೇ.

ನಮ್ಮ ಸತ್ಯವೇದವೂ ಈ ಕಷ್ಟವನ್ನ ಮುಚ್ಚಿಡಲ್ಲ. ಬೇಕಂತಲೇ ಕೊಲೆ ಮಾಡಿದವನನ್ನ ಬಲಿಪೀಠದ ಹತ್ತಿರದಿಂದಲೂ ಎಳೆದು ತರಬೇಕು ಅಂತ ವಿಮೋಚನಕಾಂಡ 21ರಲ್ಲಿದೆ. ಯೋವಾಬನು ಓಡಿಹೋಗಿ ಬಲಿಪೀಠದ ಕೊಂಬು ಹಿಡಿದ, ಸೊಲೊಮೋನನು ಅಲ್ಲೇ ಕೊಲ್ಲಿಸಿದ. ಕೈತಪ್ಪಿ ಕೊಂದವನಿಗೆ ಆಶ್ರಯ ನಗರಗಳಿದ್ದವು, ಆದರೆ ಅಲ್ಲಿಯೂ ಸಭೆಯ ಮುಂದೆ ವಿಚಾರಣೆ ಇತ್ತು. ಗ್ರೀಕರ ಗೆರೆ ಬಂದವನನ್ನ ಏನೂ ಕೇಳ್ತಿರಲಿಲ್ಲ. ಇಸ್ರಾಯೇಲಿನ ಆಶ್ರಯ ಕೇಳ್ತಿತ್ತು. ಎರಡರಲ್ಲಿ ಯಾವುದು ಹೆಚ್ಚು ಕರುಣೆ ಅಂತ ನಾನು ಬಹಳ ಯೋಚನೆ ಮಾಡಿದ್ದೀನಿ. ನನಗೆ ಅನ್ನಿಸೋದು, ಕೇಳೋದು ತಪ್ಪಲ್ಲ. ಆದರೆ ಕೇಳಬೇಕಾದ್ರೆ ಅವನ ಪಕ್ಕದಲ್ಲಿ ಯಾರಾದ್ರೂ ಕೂರಬೇಕು. ಬೋರ್ಡ್ ಏನನ್ನೂ ಕೇಳಲ್ಲ. ಬೋರ್ಡಿಗೆ ಕಿವಿ ಇಲ್ಲ.

ಈಗ ಮಡಿಲಲ್ಲಿರೋ 17ನೇ ಅಧ್ಯಾಯಕ್ಕೆ ಬನ್ನಿ. ಪೌಲನು ನಿಂತಿರೋದು ಅರಿಯೊಪಾಗದಲ್ಲಿ. ಅದು ಅಕ್ರೊಪೊಲಿಸ್ ಪಕ್ಕದ ಬಂಡೆ ಗುಡ್ಡ. ಆ ಹೆಸರಿನ ನ್ಯಾಯಸಭೆ ಅವತ್ತು ಗುಡ್ಡದ ಮೇಲೇ ಕೂಡಿತ್ತೋ ಕೆಳಗೆ ಪೇಟೆಯಲ್ಲಿ ಕೂಡಿತ್ತೋ ಅಂತ ಪಂಡಿತರು ವಾದ ಮಾಡ್ತಾರೆ, ಅದು ಬಿಡಿ. ದಾರ ಕಿತ್ತುಹೋಯ್ತು ಅಂದೆನಲ್ಲ, ಆ ಪೂಜ್ಯ ದೇವತೆಗಳ ಬಲಿಪೀಠ ಇದ್ದದ್ದು ಇದೇ ಗುಡ್ಡದ ಹತ್ತಿರ. ತಲೆ ಎತ್ತಿದರೆ ಮೇಲೆ ಪಾರ್ಥೆನಾನ್, ಆಗಲೇ ಐದು ಶತಮಾನ ಹಳೆಯದು. ಅಲ್ಲಿ ನಿಂತು ಪೌಲನು ಏನು ಹೇಳ್ತಾನೆ? ಲೋಕವನ್ನ ಉಂಟುಮಾಡಿದ ದೇವರು ಮನುಷ್ಯರ ಕೈ ಕಟ್ಟಿದ ಗುಡಿಗಳಲ್ಲಿ ವಾಸ ಮಾಡೋನಲ್ಲ ಅಂತಾನೆ.

ನಾನು ಹೊಸದಾಗಿ ಪ್ರಸಂಗ ಮಾಡೋವಾಗ, ಇದನ್ನ ಕೇಳಿ ಆ ಗ್ರೀಕರು ಬೆಚ್ಚಿಬಿದ್ದರು ಅಂತ ಹೇಳ್ತಿದ್ದೆ. ಅದು ತಪ್ಪು. ಕೇಳ್ತಾ ಇದ್ದವರಲ್ಲಿ ಸ್ತೋಯಿಕರು ಇದ್ದರು ಅಂತ 18ನೇ ವಚನದಲ್ಲೇ ಇದೆ. ಅವರ ಗುರು ಜೀನೋ, ಇದೇ ಅಥೆನ್ಸಿನಲ್ಲಿ ಪೌಲನಿಗಿಂತ ಮುನ್ನೂರೈವತ್ತು ವರ್ಷ ಹಿಂದೆ, ಗುಡಿಗಳನ್ನ ಕಟ್ಟಬೇಕಾಗಿಲ್ಲ, ಗಾರೆ ಕೆಲಸದವರ ಕೈಯಿಂದ ಬಂದದ್ದು ಪವಿತ್ರವಾಗಲ್ಲ ಅನ್ನೋ ಅರ್ಥದಲ್ಲಿ ಬರೆದಿದ್ದ. ಅಷ್ಟೊತ್ತಿಗೆ ಸ್ತೋಯಿಕರು ತಲೆ ಆಡಿಸಿರಬೇಕು. ಆಮೇಲೆ ಎದ್ದು ಗುಡಿಗಳಿಗೇ ಹೋಗಿ ಬಲಿ ಕೊಡ್ತಿದ್ರು ಅಂತ ಪ್ಲುಟಾರ್ಕ್ ಅವರನ್ನ ಆಡಿಕೊಳ್ತಾನೆ. ನಾವೂ ಹಾಗೇ ಅಲ್ವಾ? ದೇವರು ಕಟ್ಟಡದಲ್ಲಿ ಇಲ್ಲ ಅಂತ ಹಾಡ್ತೀವಿ, ಟೈಲ್ಸ್ ಮೇಲೆ ವಾಂತಿ ಬಿದ್ದರೆ ನಡುಗಿಬಿಡ್ತೀವಿ.

ಹೊಸ ಮಾತು ಅಂದ್ರೆ ಪೌಲನು ಅಲ್ಲಿಂದ ಕೊರಿಂಥಕ್ಕೆ ಹೋದ ಮೇಲೆ ಅವರಿಗೆ ಬರೆದ ಪತ್ರದಲ್ಲಿದೆ. ನೀವು ದೇವರ ಆಲಯ ಅಂತ ಅವರನ್ನ ಕರೀತಾನೆ. ಅಲ್ಲಿ ಬಳಸಿರೋ ಪದ ನಾವೊಸ್. ಆವರಣ ಅಲ್ಲ, ಅಂಗಳ ಅಲ್ಲ, ಒಳಗಿನ ಮನೆ, ದೇವರು ಇರೋ ಜಾಗ. ಯಾರಿಗೆ ಹೇಳಿದ? ಕರ್ತನ ಭೋಜನಕ್ಕೆ ಸೇರಿದಾಗ ಒಬ್ಬ ಹಸಿದಿದ್ದರೆ ಇನ್ನೊಬ್ಬ ಕುಡಿದು ಅಮಲೇರಿರ್ತಾನೆ ಅಂತ 11ನೇ ಅಧ್ಯಾಯದಲ್ಲಿ ಯಾರನ್ನ ಗದರಿಸ್ತಾನೋ, ಅದೇ ಸಭೆಗೆ! ಗದರಿಸ್ತಾನೆ, ಬಿಡಲ್ಲ. ಕುಡಿಯೋದು ಸರಿ ಅಂತ ನಾನು ಹೇಳ್ತಿದ್ದೀನಿ ಅಂತ ಯಾರೂ ಮನೆಗೆ ಹೋಗಿ ಹೇಳಬೇಡಿ. ಆದರೆ ಅವರನ್ನ ನಾವೊಸ್ ಅಲ್ಲ ಅಂತ ಹೇಳಲಿಲ್ಲ.

"ಪಾಸ್ಟರ್, ಕೊರಿಂಥದವರು ವಿಶ್ವಾಸಿಗಳು. ಅವತ್ತು ರಾತ್ರಿ ಬಂದವನು ವಿಶ್ವಾಸಿ ಅಲ್ಲ." ಸರಿ, ಈ ಮಾತು ನನಗೂ ಬಂತು. ಅದಕ್ಕೇ 17ನೇ ಅಧ್ಯಾಯ ತೆರೆಯಿರಿ ಅಂದಿದ್ದು. 27ನೇ ವಚನದಲ್ಲಿ, ದೇವರು ನಮ್ಮಲ್ಲಿ ಯಾರಿಗೂ ದೂರ ಇಲ್ಲ ಅಂತ ಪೌಲನು ಹೇಳಿದ್ದು, ಇನ್ನೂ ನಂಬದೇ ಇರೋ ಅಥೇನೆಯವರಿಗೆ.

ಮಾರ್ಕ 5ರಲ್ಲಿ ಹನ್ನೆರಡು ವರ್ಷ ರಕ್ತಸ್ರಾವ ಇದ್ದ ಆ ತಾಯಿ ಹಿಂದಿನಿಂದ ಬಂದು ಬಟ್ಟೆ ಮುಟ್ಟಿದಳು. ಡೆಲೋಸಿನ ಲೆಕ್ಕದಲ್ಲಾಗಲಿ, ನ್ಯಾಯಪ್ರಮಾಣದ ಲೆಕ್ಕದಲ್ಲಾಗಲಿ, ಅವಳ ಮೈಲಿಗೆ ಯೇಸುವಿಗೆ ಹರಿಯಬೇಕಿತ್ತು. ಹರಿದದ್ದು ಈ ಕಡೆಯಿಂದ ಆ ಕಡೆಗೆ. ಅವಳು ವಾಸಿಯಾದಳು. ನಾನು ಅವತ್ತು ರಾತ್ರಿ ಮೈಕ್ ಹಿಡಿದು ಮಾಡಿದ ಪ್ರಾರ್ಥನೆ, ಆ ಹೆಂಗಸಿಗಿಂತ ಡೆಲೋಸಿನವರಿಗೆ ಚೆನ್ನಾಗಿ ಅರ್ಥ ಆಗ್ತಿತ್ತು.

ಹಿರಿಯರ ಹತ್ತಿರ ನಿನ್ನೆ ಮಾತಾಡಿದ್ದೀನಿ. ಎಲ್ಲರೂ ಒಪ್ಪಿಲ್ಲ, ಅದನ್ನೂ ಹೇಳ್ತೀನಿ. ಬೋರ್ಡ್ ನಮ್ಮ ಮನೆಯ ಮಂಚದ ಕೆಳಗಿದೆ. ಮೊದಲ ಎರಡು ಸಾಲು ಉಳಿಸಿ ಮೂರನೆಯದರ ಮೇಲೆ ಬಣ್ಣ ಬಳಿಯೋಕೆ ಪೇಂಟರ್‌ಗೆ ಹೇಳಿದ್ದೀನಿ. ಗೇಟಿನ ಪಕ್ಕದ ಶೆಡ್ಡಿನಲ್ಲಿ ಒಂದು ಲೈಟು, ಒಂದು ಬೆಂಚು, ನೀರಿನ ಕ್ಯಾನ್ ಇಡ್ತೀವಿ. ಅದು ಗೇಟಿನ ಒಳಗೇ ಇದೆ. ಸಹೋದರಿಯರು, ಮಕ್ಕಳು ಹಾಲಿನಲ್ಲಿ ಭಯ ಇಲ್ಲದೆ ಇರಬೇಕು, ಬಂದವನು ಬೆಳಗಿನ ತನಕ ಗೇಟಿನ ಹೊರಗೆ ಹೋಗಬಾರದು. ಎರಡೂ ಆಗಬೇಕಂದ್ರೆ ರಾತ್ರಿ ಪ್ರಾರ್ಥನೆ ಇರೋ ಪ್ರತಿ ಶುಕ್ರವಾರ ಇಬ್ಬರು ಸಹೋದರರು ಆ ಬೆಂಚಿನ ಮೇಲೆ ಕೂರಬೇಕು, ಪ್ರಾರ್ಥನೆ ತಪ್ಪಿದರೂ ಪರವಾಗಿಲ್ಲ. ಈ ಶುಕ್ರವಾರ ಒಬ್ಬ ನಾನೇ. ಇನ್ನೊಬ್ಬರು ಬೇಕು. ಸಭೆ ಮುಗಿದ ಮೇಲೆ ಹೆಸರು ಕೊಡಿ.

ಎದ್ದು ನಿಂತ್ಕೊಳ್ಳಿ, ಪ್ರಾರ್ಥಿಸೋಣ.